ಹನ್ನೆರಡು ಪೈ ಬಂದ ಮೇಲೆ

ಎಸ್ಸೆಸ್ಸೆಲ್ಸಿವರೆಗೆ ಡಿಗ್ರಿಯಲ್ಲೇ ಕೋನ ಅಳೆದ ಮಂಡ್ಯ, ಮದ್ದೂರು, ಮಳವಳ್ಳಿಯ ಮಕ್ಕಳಿಗೆ ಪ್ರಥಮ ಪಿಯುಸಿಯ ತ್ರಿಕೋನಮಿತಿ ಪಾಠದಲ್ಲಿ ರೇಡಿಯನ್ ಎದುರಾಗುತ್ತದೆ. ನಮ್ಮ ಪಿಯು ಕಾಲೇಜುಗಳು ಬಳಸುವ ಎನ್‌ಸಿಇಆರ್‌ಟಿ ಪುಸ್ತಕದ ವ್ಯಾಖ್ಯೆಯಲ್ಲಿ ದೋಷವಿಲ್ಲ: ಕಂಸದ ಉದ್ದ ತ್ರಿಜ್ಯದಷ್ಟೇ ಇದ್ದರೆ ಕೇಂದ್ರದಲ್ಲಿ ಏರ್ಪಡುವ ಕೋನ ಒಂದು ರೇಡಿಯನ್. ಅಭ್ಯಾಸದ ಲೆಕ್ಕಗಳಿಗೆ ಬರುವಷ್ಟರಲ್ಲಿ ಮಾತ್ರ ಅದು ಪೈಯಿಂದ ಗುಣಿಸಿ 180ರಿಂದ ಭಾಗಿಸುವ ಕಸರತ್ತಾಗಿ ಕುಗ್ಗುತ್ತದೆ.

ಒಂದು ಲೆಕ್ಕವನ್ನೇ ನೋಡಿ. ಪೈಯನ್ನು 22/7 ಎಂದು ಹಿಡಿದು 11/16 ರೇಡಿಯನ್ನನ್ನು ಡಿಗ್ರಿಗೆ ತರಬೇಕು. ಉತ್ತರ 39 ಡಿಗ್ರಿ, 22 ಮಿನಿಟು, 30 ಸೆಕೆಂಡು. ನಿಜವಾದ ಪೈ ಹಾಕಿದರೆ ಬರುವುದು 39 ಡಿಗ್ರಿ, 23 ಮಿನಿಟು, 27 ಸೆಕೆಂಡು. ಮಿನಿಟೇ ತಪ್ಪಿರುವಾಗ ಸೆಕೆಂಡು ಬರೆಸುವುದು ಅಳತೆಯ ಬಗ್ಗೆ ಸುಳ್ಳು ಧೈರ್ಯ ಕಲಿಸಿದಂತೆ. ಈ ಲೆಕ್ಕ ತೆಗೆದುಹಾಕಬೇಕಾದದ್ದೇ.

ರೇಡಿಯನ್ನಿನ ಅರ್ಥ ಈ ಸೀಮೆಯಲ್ಲಿ ಹಿಂದೆ ನೆಲದ ಮೇಲೇ ಬರೆದಿರುತ್ತಿತ್ತು. ಆಲೆಮನೆಯ ಎತ್ತಿನ ಗಾಣದ ತೊಲೆ 4 ಮೀಟರು ಎಂದುಕೊಳ್ಳಿ. ಎತ್ತು 4 ಮೀಟರು ನಡೆದರೆ ಗಾಣ ಒಂದು ರೇಡಿಯನ್ ತಿರುಗಿತು. 25 ಮೀಟರು ನಡೆದರೆ ಹೆಚ್ಚುಕಡಿಮೆ ಒಂದು ಸುತ್ತು. ನಡೆದ ದೂರವನ್ನು ತೊಲೆಯ ಉದ್ದದಿಂದ ಭಾಗಿಸಿದರೆ ಕೋನ ಸಿಕ್ಕಿತು. ಇಲ್ಲಿ 180ಕ್ಕೆ ಕೆಲಸವೇ ಇಲ್ಲ. ಆರ್ಯಭಟ ಕ್ರಿ.ಶ. 499ರಷ್ಟು ಹಿಂದೆಯೇ ವೃತ್ತದ ಪರಿಧಿಯನ್ನು 21,600 ಕಲೆಗಳಾಗಿಸಿ (ಕಲೆ ಅಂದರೆ ಕೋನದ ಮಿನಿಟು), ಅದೇ ಕಲೆಗಳಲ್ಲಿ ತ್ರಿಜ್ಯವನ್ನು 3438 ಎಂದು ಅಳೆದಿದ್ದ. ಒಂದು ರೇಡಿಯನ್ನಿನಲ್ಲಿರುವುದೂ ಅಷ್ಟೇ ಕಲೆಗಳು. ಪಾಠ ಶುರುವಾಗಬೇಕಾದ್ದು ಇಲ್ಲಿಂದ.

ಅರ್ಥ ಬಿಟ್ಟು ಸೂತ್ರ ಹಿಡಿದ ಹುಡುಗಿ ಮುಂದೆ ಎಂಜಿನಿಯರಿಂಗ್ ಸೇರಿ ಪರದೆಯ ಮೇಲಿನ ಚೌಕವನ್ನು ತಿರುಗಿಸಲು ಕೂರುತ್ತಾಳೆ. ಸಿ, ಪೈಥಾನ್ ಎರಡರ ಸೈನ್, ಕೊಸೈನ್‌ಗಳೂ ರೇಡಿಯನ್ನನ್ನೇ ಕೇಳುತ್ತವೆ. ಅವಳು 90 ಎಂದು ಕೊಟ್ಟರೆ ಯಂತ್ರ ತಕರಾರು ಮಾಡುವುದಿಲ್ಲ. ಹದಿನಾಲ್ಕು ಸುತ್ತು ಕಳೆದು ಚೌಕವನ್ನು ಸುಮಾರು 116.6 ಡಿಗ್ರಿಯಲ್ಲಿ ನಿಲ್ಲಿಸುತ್ತದೆ. ಚೌಕ ತಿರುಗಿದ್ದಂತೂ ಹೌದು, ಹಾಗಾಗಿ ತಪ್ಪು ಹುಡುಕುವುದು ಕಷ್ಟ. 90 ರೇಡಿಯನ್ ಅಂದರೆ ತ್ರಿಜ್ಯದ 90 ಪಟ್ಟು ನಡಿಗೆ ಎಂದು ತಿಳಿದವಳಿಗೆ ಆ ಸಂಖ್ಯೆ ನೋಡಿದ ಕೂಡಲೇ ಅನುಮಾನ ಬರುತ್ತದೆ.

ಪುಸ್ತಕದಲ್ಲೇ ಒಂದು ಒಳ್ಳೆಯ ಪ್ರಶ್ನೆಯಿದೆ: ನಿಮಿಷಕ್ಕೆ 360 ಸುತ್ತು ತಿರುಗುವ ಚಕ್ರ ಸೆಕೆಂಡಿಗೆ ಎಷ್ಟು ರೇಡಿಯನ್ ತಿರುಗುತ್ತದೆ? ಹನ್ನೆರಡು ಪೈ. ಪುಸ್ತಕ ಅಲ್ಲಿಗೇ ನಿಂತುಬಿಡುತ್ತದೆ. ತ್ರಿಜ್ಯ ಅರ್ಧ ಮೀಟರಾದರೆ ಅಂಚಿನ ವೇಗವೆಷ್ಟು ಎಂದು ಕೇಳಿದ್ದರೆ ಒಂದೇ ಗುಣಾಕಾರಕ್ಕೆ ಸೆಕೆಂಡಿಗೆ ಸುಮಾರು 18.85 ಮೀಟರು ಎಂದು ಸಿಗುತ್ತಿತ್ತು, ರೇಡಿಯನ್ ಯಾಕೆ ಬೇಕೆಂಬುದೂ ತಿಳಿಯುತ್ತಿತ್ತು. ಶಿವನಸಮುದ್ರದಲ್ಲಿ 1902ರಲ್ಲೇ ನೀರಿನಿಂದ ಚಕ್ರ ತಿರುಗಿಸಿ ವಿದ್ಯುತ್ ತೆಗೆದ ಮಳವಳ್ಳಿ ತಾಲ್ಲೂಕಿನ ತರಗತಿಗಳಲ್ಲಿ ಈ ಎರಡನೇ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆಯಲು ಉಪನ್ಯಾಸಕರು ಪಠ್ಯ ಪರಿಷ್ಕರಣೆಗೆ ಕಾಯಬೇಕಾಗಿಲ್ಲ.