ಉಳುವವನೇ ಒಡೆಯನಾದರೆ, ಚೋಮ ಯಾರು?

ಹೊಸ ವಿಚಾರಗಳು ಸರ್ಕಾರವನ್ನೂ ಆರ್ಥಿಕ ವ್ಯವಸ್ಥೆಯನ್ನೂ ಸಮಾಜವನ್ನೂ ಬದಲಿಸಿದ ಬಗೆಯನ್ನು ಚರಿತ್ರೆಯ ಪುಸ್ತಕಗಳಲ್ಲಿ ಓದುತ್ತೇವೆ. ಆದರೆ ಆ ಬದಲಾವಣೆ ಯಾರ ಮನೆ ಬಾಗಿಲವರೆಗೆ ಬಂತು, ಯಾರ ಅಂಗಳದ ಆಚೆಗೇ ನಿಂತಿತು ಎಂದು ತಿಳಿಯಬೇಕಾದರೆ ಕಥೆ, ಸಿನಿಮಾಗಳ ಕಡೆಗೇ ಹೋಗಬೇಕು. ಈ ದೃಷ್ಟಿಯಿಂದ ‘ಚೋಮನ ದುಡಿ’ ಚಿತ್ರವನ್ನು ಸದಸ್ಯರೆಲ್ಲರೂ ಮಕ್ಕಳೊಂದಿಗೆ ಕುಳಿತು ಇನ್ನೊಮ್ಮೆ ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಶಿವರಾಮ ಕಾರಂತರು 1930ರ ದಶಕದ ಆರಂಭದಲ್ಲಿ ಬರೆದ ಕಾದಂಬರಿಯನ್ನು ಬಿ.ವಿ. ಕಾರಂತರು 1975ರಲ್ಲಿ ತೆರೆಗೆ ತಂದರು. ಚಿತ್ರಕ್ಕೆ ಸ್ವರ್ಣಕಮಲ ಬಂತು. ಚೋಮನ ಪಾತ್ರ ಮಾಡಿದ ವಾಸುದೇವ ರಾವ್ ಅವರಿಗೆ ಅತ್ಯುತ್ತಮ ನಟನೆಂಬ ರಾಷ್ಟ್ರಪ್ರಶಸ್ತಿ ಬಂತು. ಕಥೆ ಸರಳ. ಚೋಮ ದಕ್ಷಿಣ ಕನ್ನಡದ ಒಬ್ಬ ಜೀತದಾಳು. ಅವನಲ್ಲಿ ಒಂದು ಜೊತೆ ಎತ್ತು ಇವೆ, ದುಡಿಯುವ ಮೈ ಇದೆ. ಸ್ವಂತಕ್ಕೆ ಒಂದು ತುಂಡು ಗದ್ದೆ ಉಳಬೇಕೆಂಬ ಆಸೆ ಇದೆ. ಅಸ್ಪೃಶ್ಯನಾದ್ದರಿಂದ ಆ ಹಕ್ಕಿಲ್ಲ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಮೈಲಿಗೆಯ ಭಯದಿಂದ ಯಾರೂ ಮುಟ್ಟದ ಕಾರಣ ಒಬ್ಬ ಮಗ ನೀರಿನಲ್ಲಿ ಮುಳುಗಿ ಸಾಯುತ್ತಾನೆ. ಕೊನೆಗೆ ಚೋಮ ಬಾಗಿಲು ಮುಚ್ಚಿಕೊಂಡು ದುಡಿ ಬಾರಿಸುತ್ತಲೇ ಪ್ರಾಣ ಬಿಡುತ್ತಾನೆ.

ವಾಸುದೇವ ರಾವ್ ಅವರ ಅಭಿನಯದಲ್ಲಿ ಅಬ್ಬರವಿಲ್ಲ. ಬಾಯಿ ಆಡಲಾರದ ಮಾತನ್ನು ದುಡಿ ಆಡುತ್ತದೆ. ಧಣಿ ಸಂಕಪ್ಪಯ್ಯನೂ ರಾಕ್ಷಸನಲ್ಲ. ಅವನ ಮನಸ್ಸು ಕರಗಿದರೂ ತಾಯಿಯ ಮಾತನ್ನೂ ಕಟ್ಟಳೆಯನ್ನೂ ಮೀರಲಾರ. ಒಳ್ಳೆಯ ಮನಸ್ಸೊಂದೇ ಇದ್ದರೆ ಸಾಲದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಚಿತ್ರ ಬರುವ ಹಿಂದಿನ ವರ್ಷವೇ ದೇವರಾಜ ಅರಸರ ಸರ್ಕಾರ ಭೂಸುಧಾರಣೆಯ ತಿದ್ದುಪಡಿ ತಂದಿತ್ತು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಯಿತು. ಒಕ್ಕಲುಗಳು ಡಿಕ್ಲರೇಷನ್ ಕೊಟ್ಟು ಭೂನ್ಯಾಯ ಮಂಡಳಿಯ ಮುಂದೆ ನಿಂತರು. ನಮ್ಮ ಸದಸ್ಯರಲ್ಲಿ ಡಿಕ್ಲರೇಷನ್ನಿನಲ್ಲಿ ಗದ್ದೆ ಕಳೆದುಕೊಂಡ ಮನೆಯವರಿದ್ದಾರೆ, ಗದ್ದೆ ಪಡೆದ ಮನೆಯವರೂ ಇದ್ದಾರೆ. ಊಟದ ಮೇಜಿನ ಸುತ್ತ ಮೊದಲನೆಯವರ ದುಃಖ ಕೇಳಿಬರುವಷ್ಟು ಎರಡನೆಯವರ ಸಂತೋಷ ಕೇಳಿಬರುವುದಿಲ್ಲ. ಇವೆರಡರ ನಡುವೆ ಮೂರನೆಯವನೊಬ್ಬನನ್ನು ನಾವೆಲ್ಲರೂ ಮರೆಯುತ್ತೇವೆ. ಅವನೇ ಚೋಮ.

‘ಉಳುವವನೇ ಹೊಲದೊಡೆಯ’ ಎಂಬುದು ಆ ಕಾಲದ ಘೋಷಣೆ. ಚೋಮ ಗೇಣಿದಾರನಲ್ಲ. ಉಳಲು ಬಿಡದಿರುವುದೇ ಅವನ ಸಂಕಟ. ಅವನು ಬದುಕಿದ್ದು ಮಂಡಳಿಗೆ ಹೋಗಿದ್ದರೂ ತೋರಿಸಲು ಗೇಣಿ ಚೀಟಿ ಇರುತ್ತಿರಲಿಲ್ಲ. ಜೀತಪದ್ಧತಿಯನ್ನು ರದ್ದು ಮಾಡಿದ 1976ರ ಕಾಯ್ದೆ ಅವನನ್ನು ಸಾಲದಿಂದ ಬಿಡಿಸುತ್ತಿತ್ತು, ಆದರೆ ಗದ್ದೆ ಕೊಡುತ್ತಿರಲಿಲ್ಲ. ಹೊಸ ಕಾಯ್ದೆಯ ಸಂಭ್ರಮದ ನಡುವೆ ಈ ಚಿತ್ರ ಮುಚ್ಚಿದ ಬಾಗಿಲಿನಲ್ಲೇ ಮುಗಿದದ್ದು ಹಳೆಯ ಕಾಲದ ನಿರಾಶೆ ಎಂದು ಕೆಲವರಿಗೆ ಅನ್ನಿಸಬಹುದು. ಅದು ಸರಿಯಾದ ಮುಕ್ತಾಯವೆಂದೇ ನಾವು ಹೇಳುತ್ತೇವೆ.

ಆದರೂ ಒಂದು ಕೊರತೆ ಇದೆ. ಚೋಮನ ಆಸೆ ಒಂಟಿ ಆಸೆ. ಅವನ ಕೇರಿಯಲ್ಲಿ ‘ನನಗೂ ಗದ್ದೆ ಬೇಕು’ ಎನ್ನುವ ಇನ್ನೊಂದು ದನಿ ಇಲ್ಲ. ಸಾಗರದ ಬಳಿಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಒಟ್ಟಾಗಿ ಸತ್ಯಾಗ್ರಹ ಮಾಡಿದ್ದರು. ಆ ಒಗ್ಗಟ್ಟೇ ಮುಂದೆ ಕಾಯ್ದೆಗೆ ದಾರಿ ಮಾಡಿತು. ಚೋಮನಂಥವರಿಗೆ ದಲಿತ ಸಂಘರ್ಷ ಸಮಿತಿಯ ಜೊತೆ ಸಿಕ್ಕಿದ್ದು 1970ರ ದಶಕದಲ್ಲಿ. ಕಾದಂಬರಿಯ ಕಾಲಕ್ಕೆ ಈ ಒಂಟಿತನ ನಿಜವಿರಬಹುದು. 1975ರ ಪ್ರೇಕ್ಷಕನ ಮುಂದಿಡುವಾಗ ಇನ್ನೊಬ್ಬನ ದನಿಯನ್ನಾದರೂ ಕೇಳಿಸಬಹುದಿತ್ತು.

ಜೊತೆ ಸಿಕ್ಕಿದರೆ ಏನಾಗುತ್ತದೆ ಎಂಬುದಕ್ಕೆ ನಾವು ನೆಲೆಸಿರುವ ಈ ದೇಶವೇ ಸಾಕ್ಷಿ. ಮೆಲ್ಬರ್ನ್‌ನ ರಸೆಲ್ ಮತ್ತು ವಿಕ್ಟೋರಿಯಾ ರಸ್ತೆಗಳು ಸೇರುವಲ್ಲಿ 888 ಎಂದು ಬರೆದ ಕಂಬವಿದೆ. ದಿನಕ್ಕೆ 8 ಗಂಟೆ ದುಡಿಮೆ, 8 ಗಂಟೆ ಬಿಡುವು, 8 ಗಂಟೆ ವಿಶ್ರಾಂತಿ ಎಂದು ಅದರ ಅರ್ಥ. ಸಿಡ್ನಿಯ ಕಲ್ಲುಕುಟಿಗರು 1855ರಲ್ಲಿ, ಮೆಲ್ಬರ್ನಿನವರು 1856ರಲ್ಲಿ ಕೆಲಸ ನಿಲ್ಲಿಸಿ ಗೆದ್ದ ಹಕ್ಕು ಅದು. ಇಲ್ಲಿಯೂ ಆ ಕಂಬದ ನೆರಳು ಎಲ್ಲರ ಮೇಲೆ ಬೀಳಲಿಲ್ಲ. ಉತ್ತರದ ವೇವ್ ಹಿಲ್‌ನಲ್ಲಿ ಗುರಿಂಜಿ ಮೂಲನಿವಾಸಿಗಳು ತಮ್ಮದೇ ನೆಲದಲ್ಲಿ ಪರರ ದನ ಕಾಯುತ್ತಿದ್ದರು. 1966ರಲ್ಲಿ ವಿನ್ಸೆಂಟ್ ಲಿಂಗಿಯಾರಿ ಮುಂದಾಳುತನದಲ್ಲಿ ಸುಮಾರು 200 ಮಂದಿ ಕೆಲಸ ಬಿಟ್ಟು ನಡೆದರು. ಕೂಲಿಯ ಮುಷ್ಕರ ಎಂದುಕೊಂಡವರಿಗೆ ಅವರು ಕೇಳುತ್ತಿದ್ದುದು ಭೂಮಿ ಎಂದು ಆಮೇಲೆ ತಿಳಿಯಿತು. ‘ಚೋಮನ ದುಡಿ’ ತಯಾರಾದ 1975ರಲ್ಲೇ, ಆಗಸ್ಟ್ 16ರಂದು, ಪ್ರಧಾನಿ ಗಾಫ್ ವಿಟ್ಲಮ್ ಲಿಂಗಿಯಾರಿಯ ಅಂಗೈಗೆ ಮಣ್ಣು ಸುರಿದರು. ಮರ್ವಿನ್ ಬಿಷಪ್ ತೆಗೆದ ಆ ಚಿತ್ರ ಸಿಡ್ನಿಯ ಆರ್ಟ್ ಗ್ಯಾಲರಿಯ ಸಂಗ್ರಹದಲ್ಲಿದೆ. ಅಂದು ದೊರೆತದ್ದೂ ಗುತ್ತಿಗೆಯ ಪತ್ರವೇ; ಪೂರ್ಣ ಒಡೆತನಕ್ಕೆ 1986ರವರೆಗೆ ಕಾಯಬೇಕಾಯಿತು.

ಒಂದೇ ವರ್ಷದ ಎರಡು ಚಿತ್ರಗಳು: ಒಂದರಲ್ಲಿ ಮಣ್ಣು ಬಿದ್ದ ಕೈ, ಇನ್ನೊಂದರಲ್ಲಿ ಚರ್ಮ ಬಡಿಯುವ ಕೈ. ಇವನ್ನು ಮಕ್ಕಳಿಗೆ ಒಟ್ಟಿಗೇ ತೋರಿಸಬೇಕು. ಎತ್ತು ಇದ್ದೂ ಅವನು ಯಾಕೆ ಉಳಬಾರದು ಎಂದು ಅವರು ಖಂಡಿತ ಕೇಳುತ್ತಾರೆ. ಆಗ ನಮ್ಮ ಮನೆ ಕಳೆದುಕೊಂಡದ್ದನ್ನೋ ಪಡೆದುಕೊಂಡದ್ದನ್ನೋ ಹೇಳಿ ಮುಗಿಸದೆ, ನಮ್ಮ ಗದ್ದೆಯಲ್ಲಿ ದುಡಿದು ಏನೂ ಪಡೆಯದವರು ಯಾರು ಎಂಬುದನ್ನೂ ಹೇಳೋಣ.