ಧಾಟಿಗೂ ಒಬ್ಬ ಒಡೆಯನುಂಟು

ನಮ್ಮ ಸಂಘಗಳ ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಗಳನ್ನು ತೆಗೆದು ನೋಡಿ. ಅಧ್ಯಕ್ಷರ ಹೆಸರಿರುತ್ತದೆ, ಅತಿಥಿಗಳ ಹೆಸರಿರುತ್ತದೆ, ಹಾಡುವವರ ಹೆಸರಿರುತ್ತದೆ. ಕವಿಯ ಹೆಸರನ್ನು ನಿರೂಪಕರು ವೇದಿಕೆಯ ಮೇಲೆ ಹೇಳುತ್ತಾರೆ. ಆ ಕವಿತೆಯನ್ನು ಹಾಡಾಗಿಸಿದವರು ಯಾರೆಂಬುದು ಮಾತ್ರ ಬಹುಮಟ್ಟಿಗೆ ಎಲ್ಲಿಯೂ ಇರುವುದಿಲ್ಲ. ನಮ್ಮ ಸಂಗೀತ ವಿಮರ್ಶೆಯಲ್ಲೂ ಇದೇ ಕೊರತೆ. ಗಾಯಕರ ಕಂಠವನ್ನು ಹೊಗಳುತ್ತೇವೆ, ಸಾಹಿತ್ಯದ ಅರ್ಥ ಬಿಡಿಸುತ್ತೇವೆ. ಧಾಟಿಯನ್ನು ಗಾಳಿ ನೀರಿನಂತೆ ತಾನಾಗಿ ಒದಗಿದ್ದೆಂದು ಭಾವಿಸುತ್ತೇವೆ.

ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ 'ನಿತ್ಯೋತ್ಸವ' 1978ರಲ್ಲಿ ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ಟಾಗಿ ಬಂದಿತು. ಅನಂತಸ್ವಾಮಿಯವರ ಹೆಚ್ಚುಗಾರಿಕೆ ಇರುವುದು ಮಾತನ್ನು ಮುಚ್ಚದ ಸಂಯಮದಲ್ಲಿ. ಸ್ವರವು ಪದದ ಕೈಹಿಡಿದು ನಡೆಯುತ್ತದೆ. ಸಂಗೀತ ಕಲಿಯದವರೂ ಎರಡು ಸಲ ಕೇಳಿ ಗುನುಗಬಲ್ಲರು. ಸಿ. ಅಶ್ವತ್ಥರ ದಾರಿ ಬೇರೆ. ಅಲ್ಲಿ ರಂಗಭೂಮಿಯ ಏರಿಳಿತವಿದೆ, ತಾರಸ್ಥಾಯಿಯ ಕರೆಯಿದೆ, ಕೇಳುಗರನ್ನು ಎಬ್ಬಿಸಿ ಕೂರಿಸುವ ಹಟವಿದೆ. ಕಣ್ಣು ಮುಚ್ಚಿ ಕೇಳಿದರೂ ಇದು ಅವರದು, ಇದು ಇವರದು ಎಂದು ಹೇಳಬಹುದು. ಹೀಗೆ ಕರ್ತೃವಿನ ಮುದ್ರೆ ಬಿದ್ದದ್ದನ್ನು ಕೃತಿಯೆನ್ನದೆ ಮತ್ತೇನೆನ್ನಬೇಕು?

ಆದರೆ ಒಂದು ವಿಚಿತ್ರವುಂಟು. ಧಾಟಿ ಒಳ್ಳೆಯದಾದಷ್ಟೂ ಬೇಗ ಬಾಯಿಂದ ಬಾಯಿಗೆ ಹರಡುತ್ತದೆ. ಹರಡಿದಷ್ಟೂ ಬೇಗ ಅದನ್ನು ಕಟ್ಟಿದವರ ಹೆಸರು ಕಳಚಿ ಬೀಳುತ್ತದೆ. ಕಾನೂನು ಕೂಡ ಬಹುಕಾಲ ಇದಕ್ಕೆ ಒತ್ತಾಸೆಯಾಗಿತ್ತು. 1957ರ ಕೃತಿಸ್ವಾಮ್ಯ ಕಾಯಿದೆಯ ಮೂಲ ವ್ಯಾಖ್ಯೆಯಂತೆ, ಬರೆದು ಅಥವಾ ಅಚ್ಚು ಮಾಡಿ ಇಟ್ಟ ಸ್ವರಗಳು ಮಾತ್ರ ಸಂಗೀತ ಕೃತಿ. ಹಾರ್ಮೋನಿಯಂ ಮುಂದೆ ಕುಳಿತು ಮನಸ್ಸಿನಲ್ಲೇ ಕಟ್ಟಿ, ಬಾಯಲ್ಲೇ ಕಲಿಸುವ ನಮ್ಮವರ ಪದ್ಧತಿಗೆ ಅಲ್ಲಿ ಜಾಗವಿರಲಿಲ್ಲ. ಈ ಷರತ್ತನ್ನು ತೆಗೆದ 1994ರ ತಿದ್ದುಪಡಿ ಜಾರಿಗೆ ಬಂದದ್ದು 1995ರ ಮೇ ತಿಂಗಳಲ್ಲಿ. ಅನಂತಸ್ವಾಮಿಯವರು ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು.

ಬರೆದಿಡುವ ಮಾತು ಬಂದಾಗ ನಮ್ಮ ಬರೋಡೆಯನ್ನು ನೆನೆಯದಿರಲಾಗದು. ಮೈಸೂರು ಆಸ್ಥಾನದಲ್ಲಿ ಮನ್ನಣೆ ಪಡೆದಿದ್ದ ಮೌಲಾ ಬಕ್ಷರು 1886ರಲ್ಲಿ ಸಯಾಜಿರಾಯರ ಆಶ್ರಯದಲ್ಲಿ ಇಲ್ಲಿಯೇ ಗಾಯನಶಾಲೆ ತೆರೆದರು. ನಮ್ಮ ಸಂಗೀತಕ್ಕೊಂದು ಸ್ವರಲಿಪಿಯನ್ನೂ ರೂಪಿಸಿದರು. ಅದೇ ಶಾಲೆ ಇಂದು ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಅಂಗ. ಕಂಠದಲ್ಲಿದ್ದದ್ದು ಕಾಗದಕ್ಕೆ ಇಳಿಯಬೇಕೆಂಬ ವಿವೇಕ ಈ ಊರಿಗೆ ಹೊಸದಲ್ಲ.

ಇನ್ನು ಹಣ ಕೊಟ್ಟು ಮಾಡಿಸಿದ ಸಂಗೀತ ಯಾರದು? ಕೊಟ್ಟವರದು ಎಂದೇ ನಾವು ತಿಳಿದಿದ್ದೇವೆ. ಕಾನೂನು ಹಾಗೆನ್ನುವುದಿಲ್ಲ. ಹಣ ಕೊಟ್ಟು ತೆಗೆಸಿದ ಛಾಯಾಚಿತ್ರ, ಬರೆಸಿದ ವರ್ಣಚಿತ್ರ, ಮಾಡಿಸಿದ ಚಲನಚಿತ್ರ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಡಿಸಿದವರಿಗೆ ಸೇರುತ್ತದೆ. ಆ ಪಟ್ಟಿಯಲ್ಲಿ ಸಂಗೀತವಿಲ್ಲ. ನೌಕರಿಯ ಭಾಗವಾಗಿ ರಚಿಸಿದ್ದು ಮಾಲೀಕರದು. ಬಿಡುವಿನಲ್ಲಿ ರಚಿಸಿದ್ದು ಅಲ್ಲ. ಅಶ್ವತ್ಥರು ಹಗಲೆಲ್ಲ ಬೆಂಗಳೂರಿನ ಐಟಿಐ ಕಾರ್ಖಾನೆಯ ನೌಕರರಾಗಿದ್ದರು. ಅದರಿಂದ ಅವರ ಧಾಟಿಗಳು ಟೆಲಿಫೋನು ಕಂಪನಿಯ ಸ್ವತ್ತಾಗಲಿಲ್ಲ. ಇಲ್ಲಿಯ ಕಾರ್ಖಾನೆಗಳಲ್ಲಿ ದುಡಿದು ಸಂಜೆ ಹಾಡು ಕಟ್ಟುವ ನಮ್ಮವರಿಗೂ ಇದೇ ನ್ಯಾಯ.

ಸಿನಿಮಾದ ಕಥೆ ಮಾತ್ರ ಬೇರೆಯಾಗಿತ್ತು. ಅಶ್ವತ್ಥರು 'ಕಾಕನಕೋಟೆ'ಗೆ ಸಂಗೀತ ನೀಡಿದ 1977ರಲ್ಲೇ ಸುಪ್ರೀಂ ಕೋರ್ಟು, ಬೇರೆ ಒಪ್ಪಂದವಿಲ್ಲದಿದ್ದರೆ ಚಿತ್ರಕ್ಕಾಗಿ ಮಾಡಿಸಿದ ಸಂಗೀತದ ಮೊದಲ ಒಡೆಯ ನಿರ್ಮಾಪಕನೇ ಎಂದು ತೀರ್ಪಿತ್ತಿತು. ಅದನ್ನು ಸರಿಪಡಿಸಲು 2012ರ ತಿದ್ದುಪಡಿಯೇ ಬರಬೇಕಾಯಿತು. ಈಗ ಚಿತ್ರಮಂದಿರದ ಹೊರಗೆ ಆ ಸಂಗೀತ ಬಳಕೆಯಾದರೆ ಬರುವ ಸಂಭಾವನೆಯಲ್ಲಿ ಸಂಯೋಜಕರಿಗೆ ಸಮಪಾಲುಂಟು; ಆ ಪಾಲನ್ನು ಅವರು ಬರೆದುಕೊಟ್ಟರೂ ಬಿಟ್ಟುಕೊಡಲಾಗದು.

ಧಾಟಿಯ ಬೆಲೆ ನಾಡಿಗೆಲ್ಲ ತಿಳಿದದ್ದು ಕುವೆಂಪು ಅವರ ನಾಡಗೀತೆಯ ವಿವಾದದಿಂದ. 2022ರ ಸೆಪ್ಟೆಂಬರಿನಲ್ಲಿ ಸರಕಾರ ಅನಂತಸ್ವಾಮಿಯವರ ಧಾಟಿಯನ್ನೇ, ಆಲಾಪ ಮತ್ತು ಪುನರಾವರ್ತನೆಗಳಿಲ್ಲದೆ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಆದೇಶಿಸಿತು. ಅಶ್ವತ್ಥರ ಧಾಟಿಯ ಪರವಾಗಿ ಗಾಯಕ ಕಿಕ್ಕೇರಿ ಕೃಷ್ಣಮೂರ್ತಿಯವರು ಹೈಕೋರ್ಟಿಗೆ ಹೋದರು. ನ್ಯಾಯಾಲಯದಲ್ಲಿ ಹಾಡಿಯೂ ತೋರಿಸಿದರು. 2024ರಲ್ಲಿ ಅರ್ಜಿ ವಜಾ ಆಯಿತು. ಅಲ್ಲಿಯ ಪ್ರಶ್ನೆ ಒಂದೇ ಧಾಟಿಯನ್ನು ಸರಕಾರ ವಿಧಿಸಬಹುದೇ ಎಂಬುದು, ಧಾಟಿ ಯಾರ ಸ್ವತ್ತು ಎಂಬುದಲ್ಲ. ಚುಟುಕಾದ, ಎಲ್ಲರ ಕೊರಳಿಗೂ ಒಗ್ಗುವ ಧಾಟಿ ಶಾಲೆಯ ಮಕ್ಕಳಿಗೆ ಒಪ್ಪುವುದೆಂದು ನನಗೂ ತೋರುತ್ತದೆ. ಆದರೆ ಆಲಾಪ ಎಲ್ಲಿ ಬೇಕು, ಸಾಲು ಎಷ್ಟು ಸಲ ಮರಳಬೇಕು ಎಂಬುದೂ ಸಂಯೋಜನೆಯೇ. ಅದನ್ನು ಕತ್ತರಿಸುವ ಮಾತು ಬಂದಾಗ ಇಬ್ಬರು ಸಂಯೋಜಕರೂ ಇರಲಿಲ್ಲ. ಅಶ್ವತ್ಥರೂ 2009ರಲ್ಲಿ ತೀರಿಕೊಂಡಿದ್ದರು.

ಇಂಥ ತೊಡಕಿಗೆ ಮದ್ದು ದೊಡ್ಡದೇನಲ್ಲ, ಅರ್ಧ ಪುಟದ ಕಾಗದ. ಸಂಘದ ನಾಟಕಕ್ಕೋ ಸ್ವಾಗತಗೀತೆಗೋ ಯಾರಿಂದಲಾದರೂ ಸಂಗೀತ ಮಾಡಿಸಿದರೆ ಅದರಲ್ಲಿ ಇಷ್ಟಿರಲಿ: ಹಣವೆಷ್ಟು, ಯಾವ ಬಳಕೆಗೆ, ಎಷ್ಟು ಕಾಲಕ್ಕೆ, ಬದಲಾಯಿಸುವುದಾದರೆ ಯಾರನ್ನು ಕೇಳಬೇಕು, ಹೆಸರನ್ನು ಎಲ್ಲಿ ಅಚ್ಚು ಮಾಡಬೇಕು. ರುಜುವಿಲ್ಲದೆ ಕೃತಿಸ್ವಾಮ್ಯ ಕೈಬದಲಾಗದು. ಬರೆದುಕೊಟ್ಟರೂ ಅವಧಿ ಹೇಳದಿದ್ದರೆ ಅದು ಐದು ವರ್ಷಕ್ಕೆ ಮಾತ್ರ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ. ಸಂಯೋಜಕರೂ ಕವಿಯ ಅಥವಾ ವಾರಸುದಾರರ ಅನುಮತಿ ಪಡೆಯುವುದು ನ್ಯಾಯ.

ಇದರಿಂದ ನಮ್ಮ ಹಾಡಿಗೆ ಸಂಕೋಲೆ ಬೀಳುವುದೆಂಬ ಭಯ ಬೇಡ. ಹವ್ಯಾಸಿ ಸಂಘದವರು ಟಿಕೆಟ್ಟಿಲ್ಲದ ಸಭೆಯಲ್ಲಿ ಹಾಡಿದರೆ ಅದು ಉಲ್ಲಂಘನೆಯಲ್ಲವೆಂದು ಕಾಯಿದೆಯೇ ಹೇಳುತ್ತದೆ. ಅಲ್ಲಿ ಹಣ ಕೊಡಬೇಕಾಗಿಲ್ಲ. ರಾಗ ಸಂಯೋಜನೆ ಯಾರದೆಂದು ಒಂದು ಸಾಲು ಹೇಳಲು ಯಾವ ಕಾಯಿದೆಯೂ ಬೇಕಾಗಿಲ್ಲ. ಮುಂದಿನ ನವೆಂಬರಿನ ಆಮಂತ್ರಣ ಪತ್ರಿಕೆಯಲ್ಲಿ ಆ ಸಾಲಿಗೆ ಜಾಗ ಬಿಡೋಣ.