ಲೆಕ್ಕದಲ್ಲಿ ಕೆತ್ತಿದ ಚಿತ್ರ

‘ಮಾರಿಯೋಸ್ ಪಿಕ್ರಾಸ್’ ದೊಡ್ಡ ಆಟವೇನಲ್ಲ. ಕಥೆಯಿಲ್ಲ, ಓಟವಿಲ್ಲ, ಹೊಡೆದಾಟವಿಲ್ಲ. 1995ರಲ್ಲಿ ನಿಂಟೆಂಡೊ ಕಂಪನಿಯ ಕೈಯಲ್ಲಿ ಹಿಡಿದಾಡುವ ಯಂತ್ರವಾದ ಗೇಮ್ ಬಾಯ್‌ಗೆ ಬಂದ ಈ ವಿಡಿಯೊ ಗೇಮ್‌ನಲ್ಲಿ ಇರುವುದು ಚೌಕಗಳ ಒಂದು ಹಲಗೆ, ಅದರ ಎಡಕ್ಕೂ ಮೇಲಕ್ಕೂ ಒಂದಷ್ಟು ಅಂಕಿಗಳು. ಅಂಕಿ ನೋಡಿ ಯಾವ ಚೌಕ ತುಂಬಬೇಕು, ಯಾವುದನ್ನು ಖಾಲಿ ಬಿಡಬೇಕು ಎಂದು ತೀರ್ಮಾನಿಸುತ್ತಾ ಹೋದರೆ ಕೊನೆಗೆ ಒಂದು ಚಿತ್ರ ಮೂಡುತ್ತದೆ. ಆಟಕ್ಕೆ ಎದ್ದು ಕಾಣುವ ದೋಷಗಳಿವೆ. ಅವುಗಳಲ್ಲೊಂದು ಅದರ ಬುಡಕ್ಕೇ ಪೆಟ್ಟು ಕೊಡುವಂಥದ್ದು. ಆದರೂ ಇಷ್ಟು ವರ್ಷಗಳಾದ ಮೇಲೂ ಒಮ್ಮೆ ಕೈಗೆತ್ತಿಕೊಂಡರೆ ನನಗೆ ಕೆಳಗಿಡಲು ಮನಸ್ಸು ಬರುವುದಿಲ್ಲ.

ಅದರ ಸುಖ ಎಲ್ಲಿದೆ ಎಂಬುದನ್ನು ತೋರಿಸಲು ಒಂದೇ ಸಾಲು ಸಾಕು. ಹದಿನೈದು ಚೌಕಗಳ ಸಾಲು, ಪಕ್ಕದಲ್ಲಿ 10 ಎಂಬ ಅಂಕಿ. ಅಂದರೆ ಒಂದಕ್ಕೊಂದು ತಾಗಿದ ಹತ್ತು ಚೌಕಗಳನ್ನು ತುಂಬಬೇಕು. ಎಲ್ಲಿಂದ ಶುರು ಎಂಬುದು ಗೊತ್ತಿಲ್ಲ. ಆ ಹತ್ತನ್ನು ಪೂರ್ತಿ ಎಡಕ್ಕೆ ತಳ್ಳಿ ನೋಡಿ, ಒಂದರಿಂದ ಹತ್ತರವರೆಗೆ ಕೂರುತ್ತದೆ. ಪೂರ್ತಿ ಬಲಕ್ಕೆ ತಳ್ಳಿದರೆ ಆರರಿಂದ ಹದಿನೈದರವರೆಗೆ. ಹೇಗೆ ಸರಿಸಿದರೂ ಆರರಿಂದ ಹತ್ತರವರೆಗಿನ ಐದು ಚೌಕಗಳು ಮಾತ್ರ ತಪ್ಪಿಸಿಕೊಳ್ಳಲಾರವು. ಉಳಿದದ್ದು ಗೊತ್ತಿಲ್ಲದಿದ್ದರೂ ಈ ಐದು ಗೊತ್ತು. ಆ ಐದು ಚೌಕಗಳು ತಮ್ಮ ತಮ್ಮ ಕಂಬಸಾಲುಗಳಲ್ಲಿ ಹೊಸ ಸುಳಿವಾಗುತ್ತವೆ, ಅಲ್ಲಿ ಸಿಕ್ಕ ಉತ್ತರ ಇನ್ನೊಂದು ಅಡ್ಡಸಾಲನ್ನು ಬಿಡಿಸುತ್ತದೆ. ಏನೂ ತಿಳಿಯದ ಜಾಗದಿಂದ ಪೂರ್ತಿ ತಿಳಿದ ಜಾಗಕ್ಕೆ ಊಹೆಯ ಹಂಗಿಲ್ಲದೆ ನಡೆದು ಬರುವ ಅನುಭವ ಇದು. ಇಂಥ ಖಚಿತತೆ ದಿನದ ಬದುಕಿನಲ್ಲಿ ಎಷ್ಟು ಸಲ ಸಿಗುತ್ತದೆ?

ಧಾರವಾಡದ ಕಡೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ; ಎಳೆ ಎಣಿಸಿಯೇ ಗೋಪುರ, ತೇರು, ಆನೆಗಳನ್ನು ಮೂಡಿಸುತ್ತಾರೆ. ಪಿಕ್ರಾಸ್ ಕೊಡುವ ಸಂತೋಷ ಅದರ ಹತ್ತಿರದ್ದು. ಒಂದೇ ವ್ಯತ್ಯಾಸವೆಂದರೆ, ಕಸೂತಿ ಹಾಕುವವಳಿಗೆ ಏನು ಮೂಡಲಿದೆ ಎಂದು ಮೊದಲೇ ತಿಳಿದಿರುತ್ತದೆ. ಇಲ್ಲಿ ಎಣಿಸುವವರಿಗೆ ಅದು ಗೊತ್ತಿರುವುದಿಲ್ಲ.

ಈ ಒಗಟು ನಿಂಟೆಂಡೊದ ಸೃಷ್ಟಿಯಲ್ಲ. 1987ರಲ್ಲಿ ಟೋಕಿಯೊದಲ್ಲಿ ನಡೆದ ಸ್ಪರ್ಧೆಯೊಂದರಲ್ಲಿ ನೋನ್ ಇಶಿದಾ ಎಂಬ ಕಲಾವಿದೆ ಗಗನಚುಂಬಿ ಕಟ್ಟಡಗಳ ಕಿಟಕಿ ದೀಪಗಳನ್ನು ಹೊತ್ತಿಸಿ ಆರಿಸಿ ಚಿತ್ರ ಮಾಡುವ ಕಲ್ಪನೆಗೆ ಬಹುಮಾನ ಪಡೆದರು. ಅದರಿಂದಲೇ ಕಾಗದದ ಒಗಟು ಹುಟ್ಟಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಟೆತ್ಸುಯಾ ನಿಶಿಯೊ ಎಂಬ ಒಗಟುಗಾರರೂ ಬೇರೆಯಾಗಿ ಇದನ್ನೇ ಕಂಡುಕೊಂಡಿದ್ದರು. 1990ರಲ್ಲಿ ಬ್ರಿಟನ್ನಿನ ‘ಸಂಡೇ ಟೆಲಿಗ್ರಾಫ್’ ಪತ್ರಿಕೆ ವಾರವಾರ ಪ್ರಕಟಿಸಲು ಶುರುಮಾಡಿತು. ಅಂದರೆ ಜುಪಿಟರ್ ಸಂಸ್ಥೆ ಇದನ್ನು ಗೇಮ್ ಬಾಯ್‌ಗೆ ತರುವ ಹೊತ್ತಿಗೆ ಕಾಗದದ ಮೇಲೆ ಇದು ಪಳಗಿದ ಆಟವಾಗಿತ್ತು.

ಹಾಗಿದ್ದ ಮೇಲೆ ನಿಂಟೆಂಡೊ ಆಟಗಳ ಜನಪ್ರಿಯ ನಾಯಕ ಮಾರಿಯೊ ಇಲ್ಲಿಗೇಕೆ ಬಂದ? ಉಳಿ, ಸುತ್ತಿಗೆ ಹಿಡಿದು ಉತ್ಖನನಕ್ಕೆ ಹೊರಟವನಂತೆ ನಿಲ್ಲುತ್ತಾನೆ. ಒಂದು ಗುಂಡಿ ಚೌಕವನ್ನು ಕೆತ್ತುತ್ತದೆ, ಇನ್ನೊಂದು ‘ಇಲ್ಲಿ ಬೇಡ’ ಎಂದು ಗುಣಿಸುವ ಗುರುತು ಹಾಕುತ್ತದೆ. ಕೆತ್ತುವ ಕಲ್ಪನೆ ಚೆನ್ನಾಗಿದೆ. ಆದರೆ ಆ ಜಾಗದಲ್ಲಿ ಯಾರು ನಿಂತಿದ್ದರೂ ಆಟ ಕೂದಲೆಳೆಯಷ್ಟೂ ಬದಲಾಗುತ್ತಿರಲಿಲ್ಲ. ಮಾರಿಯೊನ ಹೆಸರು ಮಾರಾಟಕ್ಕೆಂದು ಅಂಟಿಸಿದ್ದು, ಅದೂ ಫಲಿಸಲಿಲ್ಲ. ಅಮೆರಿಕದಲ್ಲಿ ಆಟ ಸೋತಿತು. ಮುಂದಿನ ಎರಡು ಭಾಗಗಳು ಆಗ ಜಪಾನಿನಾಚೆಗೆ ಬರಲೇ ಇಲ್ಲ. ಪಶ್ಚಿಮದವರು ಈ ಸರಣಿಗೆ ಮನಸೋತದ್ದು 2007ರಲ್ಲಿ ‘ಪಿಕ್ರಾಸ್ ಡಿಎಸ್’ ಬಂದಾಗ.

ಚಿತ್ರಗಳ ಬಗ್ಗೆ ದೂರುವವರಿದ್ದಾರೆ. ಅತಿ ದೊಡ್ಡ ಹಲಗೆಯೇ 15×15. ಒಟ್ಟು 225 ಚೌಕಗಳಲ್ಲಿ, ಬಣ್ಣವಿಲ್ಲದೆ, ಯಾವ ಚಿತ್ರ ತಾನೇ ಅಂದವಾಗಿ ಮೂಡೀತು? ಕೆಲವನ್ನು ಹೆಸರು ಓದಿದ ಮೇಲಷ್ಟೇ ಗುರುತಿಸಬಹುದು. ಆದರೆ ಇದನ್ನು ನಾನು ದೋಷವೆಂದು ಒಪ್ಪುವುದಿಲ್ಲ. ಚಿತ್ರ ತೀರಾ ಸ್ಪಷ್ಟವಾಗಿದ್ದರೆ ಅರ್ಧ ಬಿಡಿಸುವಷ್ಟರಲ್ಲಿ ಕಣ್ಣೇ ಉಳಿದದ್ದನ್ನು ತುಂಬಿಬಿಡುತ್ತದೆ, ಲೆಕ್ಕಕ್ಕೆ ಕೆಲಸವಿರುವುದಿಲ್ಲ. ಒರಟಾಗಿರುವುದರಿಂದಲೇ ಕೊನೆಯ ಸಾಲಿನವರೆಗೂ ಅಂಕಿಗಳನ್ನೇ ನಂಬಬೇಕಾಗುತ್ತದೆ.

ನಿಜವಾದ ದೋಷ ಗಡಿಯಾರದಲ್ಲಿದೆ. ಪ್ರತಿ ಒಗಟಿಗೂ 30 ನಿಮಿಷ. ತಪ್ಪು ಚೌಕ ಕೆತ್ತಿದರೆ ಆಟ ತಕ್ಷಣ ತಡೆದು ಸಮಯ ಕಳೆಯುತ್ತದೆ: ಮೊದಲ ತಪ್ಪಿಗೆ 2 ನಿಮಿಷ, ಎರಡನೆಯದಕ್ಕೆ 4, ಅಲ್ಲಿಂದ ಮುಂದೆ ಪ್ರತಿಯೊಂದಕ್ಕೂ 8. ಐದು ತಪ್ಪಾದರೆ ಮೂವತ್ತೂ ಖಾಲಿ. ದಂಡ ಹೆಚ್ಚಾಯಿತು ಎಂಬುದು ನನ್ನ ತಕರಾರಲ್ಲ. ದಂಡ ಹಾಕುವಾಗ ಆಟ ಉತ್ತರವನ್ನೂ ಹೇಳಿಬಿಡುತ್ತದೆ ಎಂಬುದು ತಕರಾರು. ತಡೆದಿದೆ ಎಂದರೆ ಆ ಚೌಕ ಖಾಲಿ ಎಂದು ಖಾತ್ರಿಯಾಯಿತು. ಎರಡು ನಿಮಿಷ ತೆತ್ತರೆ ಒಂದು ಚೌಕದ ಸತ್ಯ ಕೈಗೆ ಸಿಗುತ್ತದೆ. ಯೋಚಿಸುವುದಕ್ಕಿಂತ ಅದೇ ಅಗ್ಗವಾದಾಗ ಬುದ್ಧಿ ಅತ್ತಲೇ ಜಾರುತ್ತದೆ. ತರ್ಕದಿಂದ ಕಟ್ಟಿದ ಆಟವೇ ಆಡುವವರನ್ನು ಜೂಜಿಗೆ ಕರೆಯುತ್ತದೆ. ಸಾಲದ್ದಕ್ಕೆ ಒಗಟು ಶುರುವಾಗುವ ಮೊದಲೇ ‘ಸುಳಿವು ಬೇಕೇ’ ಎಂದು ಕೇಳುತ್ತದೆ. ಹೂಂ ಎಂದರೆ ಚಕ್ರ ತಿರುಗಿಸಿ ಒಂದು ಅಡ್ಡಸಾಲು, ಒಂದು ಕಂಬಸಾಲನ್ನು ತಾನೇ ತುಂಬಿಕೊಡುತ್ತದೆ. ಕಾಗದದ ಮೇಲೆ ಈ ಒಗಟು ಹೀಗೆ ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. ಅಲ್ಲಿ ತಪ್ಪಿದರೆ ಹತ್ತು ಸಾಲು ದಾಟಿದ ಮೇಲೆ ಅಂಕಿಗಳು ತಾಳೆಯಾಗದೆ ನಿಲ್ಲುತ್ತಿದ್ದವು, ಎಲ್ಲಿ ಎಡವಿದೆವೆಂದು ನಾವೇ ಹಿಂದಿರುಗಿ ಹುಡುಕಬೇಕಿತ್ತು. ಆ ಹುಡುಕಾಟದಲ್ಲೇ ಆಟ ಕಲಿಯುವುದು.

ತಯಾರಕರಿಗೂ ಇದು ಗೊತ್ತಿತ್ತು ಎಂಬುದಕ್ಕೆ ಸಾಕ್ಷಿ ಆಟದೊಳಗೇ ಇದೆ. ‘ಟೈಮ್ ಟ್ರಯಲ್’ ವಿಭಾಗದಲ್ಲಿ ಗಡುವಿಲ್ಲ, ತಪ್ಪನ್ನು ತೋರಿಸುವುದೂ ಇಲ್ಲ. 1995ರಲ್ಲೇ ಜಪಾನಿನಲ್ಲಿ ಬಂದ ‘ಮಾರಿಯೋಸ್ ಸೂಪರ್ ಪಿಕ್ರಾಸ್’ನಲ್ಲಿ ಮಾರಿಯೊನ ಎದುರಾಳಿ ವಾರಿಯೊನ ಒಗಟುಗಳೂ ಹಾಗೆಯೇ. ಅಲ್ಲಿ ಆಟ ನಮ್ಮ ಬುದ್ಧಿಯನ್ನು ನಂಬುತ್ತದೆ, ನಾವೂ ನಿಧಾನಿಸಿ ಆಡುತ್ತೇವೆ. ಇದನ್ನು ಮೂಲೆಯ ವಿಭಾಗವಾಗಿಸದೆ ಮೊದಲ ಬಾಗಿಲಾಗಿಸಿದ್ದರೆ ಆಟ ಇನ್ನೊಂದು ಎತ್ತರಕ್ಕೆ ಏರುತ್ತಿತ್ತು.

ಇಷ್ಟಾದರೂ ಇದನ್ನು ಪ್ರೀತಿಸುತ್ತೇನೆ, ಏಕೆಂದರೆ ದೋಷ ಇರುವುದು ಹೊರಗಿನ ಕಟ್ಟುಪಾಡಿನಲ್ಲಿ. ಒಳಗಿನ ಒಗಟು ಹಾಳಾಗಿಲ್ಲ. ಊಹಿಸದೆ ಆಡುತ್ತೇನೆಂದು ನಿರ್ಧರಿಸಿದವರಿಗೆ ಗಡಿಯಾರ ಅಷ್ಟಾಗಿ ಅಡ್ಡ ಬರುವುದಿಲ್ಲ. ಎಚ್ಚರದಿಂದ ಆಡುವವರಿಗೆ ಮೂವತ್ತು ನಿಮಿಷ ಧಾರಾಳ. 5×5ರ ಪುಟ್ಟ ಹಲಗೆಯಿಂದ ಕೈಹಿಡಿದು ನಡೆಸಿಕೊಂಡು ಹೋಗುವ ಕ್ರಮವೂ ಸೊಗಸಾಗಿದೆ. ಎಲ್ಲೂ ಪಾಠ ಹೇಳಿದಂತೆ ಅನಿಸುವುದಿಲ್ಲ.

ಇಂದು ಇದೇ ಒಗಟಿನ ಮೊಬೈಲ್ ಆ್ಯಪ್‌ಗಳು ಬೇಕಾದಷ್ಟಿವೆ. ಹಲವು ಆ್ಯಪ್‌ಗಳು ಹಳೆಯ ದೋಷವನ್ನೇ ಹೊಸ ವೇಷದಲ್ಲಿ ಉಳಿಸಿಕೊಂಡಿವೆ: ಮೂರು ಜೀವ ಕೊಟ್ಟು, ತಪ್ಪಾದಾಗ ಒಂದನ್ನು ಕಸಿದು, ಮುಗಿದ ಮೇಲೆ ಜಾಹೀರಾತು ನೋಡಲು ಹೇಳುತ್ತವೆ. ನೀವು ಆಡುವುದಾದರೆ ಸೆಟ್ಟಿಂಗ್ಸ್‌ಗೆ ಹೋಗಿ ತಪ್ಪು ತೋರಿಸುವ ಸೌಲಭ್ಯವನ್ನು ಮೊದಲು ಆಫ್ ಮಾಡಿ. ಆ ಆಯ್ಕೆಯೇ ಇಲ್ಲದ ಆ್ಯಪ್ ಬೇಡ. ಅದಕ್ಕಿಂತ ಒಂದು ಪೆನ್ಸಿಲ್, ಒಂದು ರಬ್ಬರ್, ಚೌಕುಳಿ ಹಾಳೆ ವಾಸಿ.